ಏನನ್ನೂ ಬಚ್ಚಿಡದ ಟ್ರೆಷರ್ ಹಂಟ್

ಹನ್ನೊಂದು ನಿಮಿಷ ಅಂದ್ರೆ ಜಾಸ್ತಿ ಹೊತ್ತೇನಲ್ಲ. ಅಕ್ಕಿ ತೊಳೆದು ಕುಕ್ಕರ್ ಇಟ್ಟರೆ ಮೂರು ವಿಷಲ್ ಆಗುವಷ್ಟರಲ್ಲಿ ಮುಗಿದು ಹೋಗುತ್ತದೆ. ಆದರೆ ಆ ಜನವರಿಯ ಭಾನುವಾರ ಬೆಳಿಗ್ಗೆ, ಬೆಂಗಳೂರಿನ ಬಸವನಗುಡಿಯ ನಮ್ಮ ಬೀದಿಯ ಏಳು ವರ್ಷದ ಹುಡುಗನೊಬ್ಬ ಎಲ್ಲಿದ್ದಾನೆ ಅಂತ ಹನ್ನೊಂದು ನಿಮಿಷ ಯಾರಿಗೂ ಗೊತ್ತಿರಲಿಲ್ಲ. ಅವನು ಆಡುತ್ತಿದ್ದದ್ದು ನಾನು ಏರ್ಪಾಡು ಮಾಡಿದ್ದ ಟ್ರೆಷರ್ ಹಂಟ್. 9.12ಕ್ಕೆ ಅವನ ಗುಂಪಿನ ಮೂರು ಮಕ್ಕಳು ಏದುಸಿರು ಬಿಡುತ್ತಾ ಬಂದು "ಆಂಟಿ, ಅವ್ನು ನಮ್ ಹಿಂದೇನೇ ಇದ್ದ" ಅಂದರು. 9.23ಕ್ಕೆ ಸಿಕ್ಕ. ನಡುವೆ ನಾನು ಏನು ಮಾಡಿದೆ ಅಂತ ಸರಿಯಾಗಿ ನೆನಪಿಲ್ಲ. ಮೂರು ಸಲ ಒಂದೇ ಗೇಟಿನ ಹಿಂದೆ ನೋಡಿದ್ದು ನೆನಪಿದೆ. ಕೈಯಲ್ಲಿ ಸೀಟಿ ಇತ್ತು, ಊದಲು ತೋಚಲಿಲ್ಲ.

ಸಿಕ್ಕಿದ್ದು ಎಲ್ಲಿ ಅಂದ್ರೆ, ಎರಡು ತಿರುವು ಆಚೆ, ಹೊಂಗೆ ಮರದ ಕೆಳಗಿರುವ ಇಸ್ತ್ರಿ ಗಾಡಿಯ ಹತ್ತಿರ. ಮರದ ಸ್ಟೂಲಿನ ಮೇಲೆ ಕೂತಿದ್ದ. ಕೈಯಲ್ಲಿ ಅರ್ಧ ಬನ್ನು. ಇಸ್ತ್ರಿ ಮಾಮ ಪೆಟ್ಟಿಗೆ ಕೆಳಗಿಡದೇ ನಡೆದದ್ದು ಹೇಳಿದ. "ಒಬ್ನೇ ಬಂದ. ಎಲ್ಲಿಗೋಗ್ತೀಯಾ ಅಂದ್ರೆ ಕೆಂಪು ಡಬ್ಬ ಅಂದ. ಆ ಕಡೆ ಗಾಡಿಗಳು ಜಾಸ್ತಿ, ಇಲ್ಲೇ ಕೂತ್ಕೋ, ಯಾರಾದ್ರೂ ಬರ್ತಾರೆ ಅಂದೆ." ಆಮೇಲೆ ಅಂಗಿಯ ಕಾಲರ್ ತಿರುವಿ ಹಾಕುತ್ತಾ ಇನ್ನೊಂದು ಮಾತು ಅಂದ. "ಈ ಹುಡುಗನ ಯೂನಿಫಾರಂ ನಂಗೆ ಮೂರು ವರ್ಷದಿಂದ ಗೊತ್ತಮ್ಮ. ಹುಡುಗನ್ನ ಇವತ್ತೇ ನೋಡಿದ್ದು."

ಹುಡುಗನ ಅಮ್ಮ ಬೈಯಲಿಲ್ಲ. "ಹೋಗ್ಲಿ ಬಿಡಿ ಅಕ್ಕ, ಸಿಕ್ಕನಲ್ಲ" ಅಂದಳು. ಬೈದಿದ್ದರೆ ನನಗೆ ಅಷ್ಟಕ್ಕೇ ಮುಗಿದು ಹೋಗುತ್ತಿತ್ತು. ಮಧ್ಯಾಹ್ನ ಬೀದಿಯ ವಾಟ್ಸ್ಯಾಪ್ ಗ್ರೂಪಿನಲ್ಲಿ ಫೋಟೋಗಳು, ಹೆಬ್ಬೆರಳುಗಳು, "ಸೂಪರ್ ಈವೆಂಟ್" ಅಂತ ಮೆಸೇಜುಗಳು. ಆ ಹನ್ನೊಂದು ನಿಮಿಷದ ಬಗ್ಗೆ ಒಬ್ಬರೂ ಒಂದಕ್ಷರ ಬರೆಯಲಿಲ್ಲ. ಒಳ್ಳೆಯ ಜನ. ನನ್ನ ಮುಖ ಉಳಿಸಿದರು. ನನಗೆ ಮಾತ್ರ ಅದು ಗಂಟಲಲ್ಲಿ ಸಿಕ್ಕಿಕೊಂಡ ಹಾಗೇ ಇತ್ತು. ಮುಂದಿನ ಡಿಸೆಂಬರಿನಲ್ಲಿ ಮತ್ತೊಂದು ಸಲ ಮಾಡೋಣ ಅಂತ ಅವರೇ ಕೇಳುವವರೆಗೂ.

ಮೈಕಿನಲ್ಲಿ ಹೇಳಿದ್ದು, ಸೀಟಿಯಲ್ಲಿ ಹೇಳಿದ್ದು

ಸುರಕ್ಷತೆಗೆ ನಾವೇನೂ ಮಾಡಿರಲಿಲ್ಲ ಅಂತಲ್ಲ. ಅದೇ ಕಾಡುವುದು. ಆರು ಜನ ದೊಡ್ಡವರು ಆರು ತಿರುವಿನಲ್ಲಿ ಹಸಿರು ಟೋಪಿ ಹಾಕಿಕೊಂಡು ನಿಂತಿದ್ದರು. ಫಸ್ಟ್ ಏಡ್ ಡಬ್ಬ ಇತ್ತು, ನೀರಿನ ಕ್ಯಾನ್ ಇತ್ತು. ಪ್ರತಿ ಮಗುವಿನ ಎದೆಗೆ ದೊಡ್ಡ ಅಕ್ಷರದಲ್ಲಿ ಹೆಸರಿನ ಪಟ್ಟಿ. (ಇದು ಎಷ್ಟು ಪೆದ್ದ ಕೆಲಸ ಅಂತ ಆಮೇಲೆ ಗೊತ್ತಾಯ್ತು. ದಾರಿಯಲ್ಲಿ ಹೋಗುವ ಯಾರು ಬೇಕಾದರೂ ಮಗುವನ್ನು ಹೆಸರು ಹಿಡಿದು ಕರೆಯಬಹುದು. ಹೆಸರು ಕರೆದವರನ್ನು ಮಗು ಗೊತ್ತಿರುವವರೇ ಅಂದುಕೊಳ್ಳುತ್ತದೆ. ಈಗ ನಾವು ಮುಂಗೈ ಒಳಭಾಗದಲ್ಲಿ ಪೆನ್ನಿನಿಂದ ಅಪ್ಪ ಅಮ್ಮನ ಫೋನ್ ನಂಬರ್ ಬರೆಯುತ್ತೇವೆ, ಹೆಸರಿಲ್ಲ.) ಶುರುವಾಗುವ ಮುಂಚೆ ನಾನು ಮೈಕ್ ಹಿಡಿದು ನಾಲ್ಕು ಮಾತು ಹೇಳಿದೆ. ಓಡಬೇಡಿ. ಕೈ ಬಿಡಬೇಡಿ. ರಸ್ತೆ ದಾಟುವಾಗ ದೊಡ್ಡವರನ್ನು ಕೇಳಿ. ಗೊತ್ತಿಲ್ಲದವರ ಜೊತೆ ಮಾತಾಡಬೇಡಿ. ಇಷ್ಟು ಹೇಳಿ, ಅದೇ ಉಸಿರಿನಲ್ಲಿ "ಮೊದಲು ಬಂದ ಮೂರು ಟೀಮಿಗೆ ಪ್ರೈಜ್!" ಅಂತ ಕೂಗಿ ಸೀಟಿ ಊದಿದೆ.

ಮಕ್ಕಳಿಗೆ ಯಾವುದು ಕೇಳಿಸಿತು ಅಂತ ನೀವೇ ಹೇಳಿ.

ಓಡಬೇಡಿ ಅಂದವಳೂ ನಾನೇ, ಓಡಿಸಿದವಳೂ ನಾನೇ. ಮಕ್ಕಳು ನಾನು ಹೇಳಿದ್ದನ್ನು ಮೀರಲಿಲ್ಲ. ಎರಡರಲ್ಲಿ ಯಾವುದಕ್ಕೆ ಬಹುಮಾನ ಇದೆಯೋ ಅದನ್ನು ಪಾಲಿಸಿದರು. ಕೈ ಹಿಡಿದುಕೊಂಡ ನಾಲ್ಕು ಮಕ್ಕಳಲ್ಲಿ ಸಣ್ಣವನ ಹೆಜ್ಜೆ ಸಣ್ಣದು. ಗೆಲ್ಲಬೇಕಾದರೆ ಅವನ ಕೈ ಬಿಡಬೇಕು. ಬಿಟ್ಟರು. ಆ ಮೂರು ಮಕ್ಕಳ ಮೇಲೆ ನನಗೆ ಈಗಲೂ ಸಿಟ್ಟು ಬರುವುದಿಲ್ಲ. ನಾಲ್ಕನೇ ಮಾತಿನ ಕಥೆ ಇನ್ನೂ ವಿಚಿತ್ರ. ಗೊತ್ತಿಲ್ಲದವರ ಜೊತೆ ಮಾತಾಡಬೇಡಿ ಅಂದಿದ್ದೆನಲ್ಲ, ಹುಡುಗ ಅದನ್ನು ಚಾಚೂ ತಪ್ಪದೆ ಪಾಲಿಸಿದ. ದಾರಿ ತಪ್ಪಿದೆ ಅಂತ ಗೊತ್ತಾದರೂ ಯಾರನ್ನೂ ಕೇಳಲಿಲ್ಲ. ಹೂವಿನವಳನ್ನು ದಾಟಿ ಹೋದ, ಹಾಲಿನ ಬೂತು ದಾಟಿ ಹೋದ. ಇಸ್ತ್ರಿ ಮಾಮ ತಾನಾಗಿ ಮಾತಾಡಿಸದಿದ್ದರೆ ಅವನು ಇನ್ನೂ ಮುಂದೆ ಹೋಗುತ್ತಿದ್ದ. ಕಾಯಬಹುದಾದ ಅಷ್ಟೂ ಜನ ಅವನ ಲೆಕ್ಕದಲ್ಲಿ ಗೊತ್ತಿಲ್ಲದವರು.

ಟೋಪಿ ಹಾಕಿದ್ದ ಆರು ಜನರ ಪಾಡೂ ಅಷ್ಟೇ. ತಿರುವಿನಲ್ಲಿ ನಿಂತವರಿಗೆ ತಿರುವು ನೋಡಿಕೊಳ್ಳುವುದು ಗೊತ್ತು, ಮಗು ಯಾರದ್ದು ಅಂತ ಗೊತ್ತಿಲ್ಲ. ಅವರು ನೋಡ್ಕೋತಾರೆ ಅಂತ ಇವರು, ಇವರು ನೋಡ್ಕೋತಾರೆ ಅಂತ ಅವರು. ಮದುವೆ ಮನೆಯಲ್ಲಿ ಹಾಲು ಉಕ್ಕುವುದು ಹೀಗೇ.

ಇನ್ನು ಅವನು ದಾರಿ ತಪ್ಪಿದ್ದು ಯಾಕೆ? ಐದನೇ ಚೀಟಿ ಅದರ ಜಾಗದಲ್ಲಿ ಇರಲಿಲ್ಲ. ಯಾವುದೋ ಟೀಮು ಬೇಕಂತಲೇ ಎತ್ತಿಕೊಂಡಿದೆ ಅಂತ ಒಂದು ವಾರ ಗುಸುಗುಸು ನಡೆಯಿತು. ನಿಜ ಗೊತ್ತಾದಾಗ ನಗು ಬಂತು, ನಾಚಿಕೆಯೂ ಆಯಿತು. ಬೆಳಿಗ್ಗೆ ಆರಕ್ಕೇ ಹೋಗಿ ಕೆಂಪು ರಿಬ್ಬನ್ ಕಟ್ಟಿ ಚೀಟಿಗಳನ್ನು ಬಚ್ಚಿಟ್ಟು ಬಂದಿದ್ದೆ. ಏಳಕ್ಕೆ ಪೌರಕಾರ್ಮಿಕ ಹೆಂಗಸು ಬಂದು ಗುಡಿಸಿದ್ದಾಳೆ. ಗೇಟಿನ ಸಂದಿಯಲ್ಲಿದ್ದ ಕಾಗದ, ರಿಬ್ಬನ್ನು ಎಲ್ಲ ತಳ್ಳುಗಾಡಿಗೆ ಹೋಗಿದೆ. ಅವಳು ಅವಳ ಕೆಲಸ ಮಾಡಿದಳು. ಅವಳು ಗುಡಿಸೋ ಜಾಗದಲ್ಲಿ ಹೋಗಿ ಕಸ ಹಾಕಿದ್ದು ನಾನು. ಅವಳಿಗೆ ಒಂದು ಮಾತು ಹೇಳಬೇಕು ಅಂತ ನನಗೆ ಹೊಳೆದೇ ಇರಲಿಲ್ಲ. ಮೈಕ್ ಬಾಡಿಗೆಯವನಿಗೆ ಮೂರು ಸಲ ಫೋನ್ ಮಾಡಿದ್ದೆ.

ಬಚ್ಚಿಡೋದರ ಬಗ್ಗೆ ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಆ ಸಲ ಕೊನೆಯ 'ನಿಧಿ'ಯನ್ನು ಬಟ್ಟೆ ಚೀಲದಲ್ಲಿ ಹಾಕಿ ಪಾರ್ಕಿನ ಬೆಂಚಿನ ಕೆಳಗಿಟ್ಟಿದ್ದೆವು. 2024ರ ಮಾರ್ಚ್ 1ರಂದು ವೈಟ್‌ಫೀಲ್ಡ್ ಕಡೆ ಹೋಟೆಲಿನಲ್ಲಿ ಯಾರೋ ಬಿಟ್ಟು ಹೋದ ಬ್ಯಾಗಿನಲ್ಲಿ ಬಾಂಬು ಸಿಡಿದ ಊರು ಇದು. ವಾರಸುದಾರರಿಲ್ಲದ ಚೀಲ ಕಂಡರೆ ಮುಟ್ಟಬೇಡಿ, 112ಕ್ಕೆ ಫೋನ್ ಮಾಡಿ ಅಂತ ಎಲ್ಲರಿಗೂ ಹೇಳುತ್ತೇವೆ. ಅಂಥ ಚೀಲವನ್ನು ಹುಡುಕಿ ಬಾಯಿ ಬಿಚ್ಚಿದವರಿಗೆ ನಾವು ಚಾಕಲೇಟ್ ಕೊಟ್ಟೆವು.

ಮೂರಡಿ ಎತ್ತರದಿಂದ

ಡಿಸೆಂಬರಿನದ್ದಕ್ಕೆ ಒಪ್ಪಿಕೊಂಡ ಮೇಲೆ ನಾನು ಮೊದಲು ಮಾಡಿದ ಕೆಲಸ ಮಗಳನ್ನು ಕರೆದುಕೊಂಡು ದಾರಿ ನಡೆದದ್ದು. ಅವಳಿಗೆ ಆಗ ಆರು ವರ್ಷ. ಒಂದೇ ಷರತ್ತು, ಅವಳು ಎಲ್ಲಿ ನಿಲ್ಲುತ್ತಾಳೋ ಅಲ್ಲಿ ನಾನೂ ನಿಲ್ಲಬೇಕು, ಅವಳು ನೋಡಿದ್ದನ್ನು ಕುಕ್ಕುರುಗಾಲಲ್ಲಿ ಕೂತು ನೋಡಬೇಕು. ಹದಿನೈದು ವರ್ಷ ಓಡಾಡಿದ ಬೀದಿ ಅದು. ಆ ಎತ್ತರದಿಂದ ಬೇರೆ ಊರಿನ ಹಾಗೆ ಕಾಣುತ್ತದೆ. ಟ್ರಾನ್ಸ್‌ಫಾರ್ಮರ್ ಸುತ್ತ ಬೇಲಿ ಇದೆ ಅಂತ ನಾನು ನಿಶ್ಚಿಂತೆಯಿಂದಿದ್ದೆ. ಅವಳು ತೋರಿಸಿದಳು, ಬೇಲಿಯ ಕೆಳಗಿನ ಮೂಲೆ ಮೇಲೆದ್ದಿದೆ, ಬೆಕ್ಕು ಹೋಗಿಬರುತ್ತದೆ. ಬೆಕ್ಕು ಹೋಗುವ ಕಡೆ ಚೆಂಡೂ ಹೋಗುತ್ತದೆ, ಚೆಂಡಿನ ಹಿಂದೆ ಕೈ. ಕರೆಂಟಿನವರ 1912 ನಂಬರಿಗೆ ದೂರು ಕೊಟ್ಟೆ, ಆ ಕಡೆಯ ದಾರಿಯನ್ನೇ ಕೈ ಬಿಟ್ಟೆ. ಚರಂಡಿ ಮೇಲಿನ ಕಲ್ಲು ಚಪ್ಪಡಿ ದೊಡ್ಡವರು ಕಾಲಿಟ್ಟರೆ ಗಟ್ಟಿ, ಅಂಚಿನ ಮೇಲೆ ಹಾರಿದರೆ ಎಗರುತ್ತದೆ. ಹಾರಿ ತೋರಿಸಿದಳು, ನನ್ನ ಎದೆ ಧಸಕ್ಕಂತು. ಬೆಂಚಿನ ಹಿಂದೆ ಒಡೆದ ಬಾಟಲಿ ಇತ್ತು. ಹೊಸದಾಗಿ ಕಟ್ಟುತ್ತಿರುವ ಮನೆಯ ಮುಂದೆ ಸಂಪಿನ ಬಾಯಿಗೆ ಒಂದು ಪ್ಲೈವುಡ್ ತುಂಡು ಮುಚ್ಚಿದ್ದರು, ಅಷ್ಟೇ. ಅದನ್ನು ನೋಡಿ ನಾನು ಸುಮ್ನೆ ನಿಂತುಬಿಟ್ಟೆ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷ ತುಂಬದ ಮಗುವೊಂದು ಕೊಳವೆಬಾವಿಗೆ ಬಿದ್ದು, ಸುಮಾರು 20 ಗಂಟೆ ಆದ ಮೇಲೆ ಜೀವಂತ ಹೊರಗೆ ಬಂತಲ್ಲ, ಆ ರಾತ್ರಿ ನಾವೆಲ್ಲ ಟಿವಿ ಮುಂದೆ ಕೂತಿದ್ದೆವು. ಬೆಳಿಗ್ಗೆ ಎದ್ದು ನಮ್ಮ ಬೀದಿಯ ಸಂಪುಗಳ ಮುಚ್ಚಳ ನೋಡಿಕೊಂಡು ಬಂದವರು ಯಾರೂ ಇಲ್ಲ.

ಮಕ್ಕಳು ಕೆಳಗಷ್ಟೇ ಅಲ್ಲ, ಮೇಲೂ ನೋಡುತ್ತಾರೆ. ನಾವು ದೊಡ್ಡವರು ಮುಂದೆ ಮಾತ್ರ ನೋಡುತ್ತೇವೆ. ಮಳೆಮರದ ಕೊಂಬೆಗೆ ಕಟ್ಟಿದ್ದ ಹೆಜ್ಜೇನು ಗೂಡನ್ನು ತೋರಿಸಿದ್ದೂ ಅವಳೇ. "ಅಮ್ಮ, ಆ ಕಪ್ಪು ಚೀಲ ಅಲ್ಲಾಡ್ತಿದೆ." ಅದೇ ಮರದ ಬುಡವನ್ನು ನಾನು ಎಲ್ಲರೂ ಸೇರುವ ಜಾಗ ಅಂತ ಬರೆದುಕೊಂಡಿದ್ದೆ. ಮೂವತ್ತು ಜನ ಅಲ್ಲಿ ನಿಂತು ಕೇಕೆ ಹಾಕಿದ್ದರೆ, ಒಬ್ಬ ಹುಡುಗ ಕಲ್ಲು ಎಸೆದಿದ್ದರೆ, ಹಸಿರು ಟೋಪಿ ಏನೂ ಮಾಡುತ್ತಿರಲಿಲ್ಲ.

ನಾಯಿಗಳ ವಿಷಯಕ್ಕೆ ದೊಡ್ಡ ಚರ್ಚೆ ಆಯಿತು. ಆ ದಾರಿಯಲ್ಲಿ ಐದಾರು ಇವೆ. ಸೋಮಾರಿಗಳು, ಬಾಲ ಅಲ್ಲಾಡಿಸುವವು. ಮರಿ ಹಾಕಿದ ಒಂದು ಮಾತ್ರ ಹಳೇ ಕಾರಿನ ಕೆಳಗಿತ್ತು. ಅದೊಂದಕ್ಕಾಗಿ ದಾರಿ ಬದಲಿಸಿದೆವು. ಫಸ್ಟ್ ಏಡ್ ಡಬ್ಬಕ್ಕೆ ಒಂದು ಬಟ್ಟೆ ಸೋಪು ಸೇರಿತು, ಯಾಕಂದ್ರೆ ನಾಯಿ ಕಚ್ಚಿದರೆ ಮೊದಲ ಕೆಲಸ ಆ ಜಾಗವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯುವುದು, ಆಮೇಲೆ ಇಂಜೆಕ್ಷನ್ನಿಗೆ ಓಡುವುದು. ಅರಿಶಿನ ಮೆತ್ತುವುದಲ್ಲ. ಇದನ್ನು ಹೇಳಿಕೊಟ್ಟವರು ಎದುರು ಮನೆಯ ಡಾಕ್ಟರಮ್ಮ. ನಮ್ಮ ಪಟ್ಟಿಗೆ ಕೆಂಪು ಪೆನ್ನು ಹಾಕಿದ್ದೂ ಅವರೇ. ಮಕ್ಕಳು ಆರಿಸಿ ತರಬೇಕಾದ ವಸ್ತುಗಳಲ್ಲಿ "ಹಕ್ಕಿ ಕಚ್ಚಿದ ಹಣ್ಣು" ಅಂತ ಒಂದಿತ್ತು. ನನಗೆ ಬಹಳ ಇಷ್ಟವಾಗಿದ್ದ ಸಾಲು. "ಕಹಳೆ ಬಂಡೆ ಪಾರ್ಕಿನ ಮರಗಳ ತುಂಬ ಬಾವಲಿ ನೇತಾಡ್ತಾವೆ. ಅಲ್ಲಿ ಬಿದ್ದ ಹಣ್ಣನ್ನ ಕಚ್ಚಿದ್ದು ಹಕ್ಕಿನೋ ಬಾವಲಿನೋ ಅಂತ ನಿಮಗೆ ಹೇಗೆ ಗೊತ್ತಾಗತ್ತೆ?" ಅಂದರು. 2018ರಲ್ಲಿ ಕೋಳಿಕ್ಕೋಡಿನಲ್ಲಿ ಬಾವಲಿಯಿಂದ ಹರಡುವ ನಿಫಾ ಜ್ವರ ಬಂದಾಗ ಕಚ್ಚಿದ ಹಣ್ಣು ಮುಟ್ಟಬೇಡಿ ಅಂತ ಇಲ್ಲೂ ಹೇಳಿದ್ದು ನೆನಪಾಯಿತು. ಆ ಸಾಲು ಹೋಯಿತು. ಅದರ ಹಿಂದೆ "ಗರಿ", "ಒಣಗಿದ ಕಾಯಿ", "ಬಸವನಹುಳದ ಚಿಪ್ಪು" ಎಲ್ಲ ಹೋದವು. ಪಟ್ಟಿ ಖಾಲಿಯಾಯಿತು.

ಖಾಲಿ ಹಾಳೆ ಹಿಡಿದು ಕೂತಾಗಲೇ ನನಗೆ ಹೊಳೆದದ್ದು. ಏನನ್ನೂ ಬಚ್ಚಿಡಬೇಕಾಗಿಲ್ಲ. ಏನನ್ನೂ ಎತ್ತಿಕೊಂಡು ಬರಬೇಕಾಗಿಲ್ಲ. ಬಸವನಗುಡಿಯಲ್ಲಿ ಹುಡುಕುವುದಕ್ಕೆ ಇರುವುದು ಆಗಲೇ ಇದೆ. ನೋಡಿ ಬಂದರೆ ಸಾಕು. ಇನ್ನುಳಿದದ್ದು ಓಟ. ಅದನ್ನು ನಿಲ್ಲಿಸುವುದು ಹೇಗೆ? ಮೈಕಿನಲ್ಲಿ ಕೂಗಿ ಅಲ್ಲ ಅನ್ನೋದು ಗೊತ್ತಾಗಿತ್ತು. ಓಡಿದರೆ ಉತ್ತರ ಸಿಗದ ಹಾಗೆ ಪ್ರಶ್ನೆ ಮಾಡಬೇಕು. ಪ್ರತಿ ಗುಂಪಿನಲ್ಲೂ ಉತ್ತರ ಗೊತ್ತಿರುವವರು, ಎಲ್ಲರಿಗಿಂತ ನಿಧಾನ ನಡೆಯುವವರೇ ಆಗಿರಬೇಕು.

ಕಡಲೆಕಾಯಿ ತಿಂದವನು

ಕಡಲೆಕಾಯಿ ಪರಿಷೆ ಮುಗಿದು ಎರಡು ವಾರ ಬಿಟ್ಟು ಮಾಡಿದೆವು. ಪರಿಷೆ ಕಾರ್ತಿಕದ ಕೊನೆ ಸೋಮವಾರ. ಅದರ ಹಿಂದು ಮುಂದಿನ ದಿನಗಳಲ್ಲಿ ಬುಲ್ ಟೆಂಪಲ್ ರಸ್ತೆಯಲ್ಲಿ ದೊಡ್ಡವರೇ ಕಳೆದುಹೋಗುತ್ತಾರೆ. ಪಾರ್ಕಿಗೆ ಒಂದು ಪತ್ರ, ಠಾಣೆಗೆ ಒಂದು ಪತ್ರ. ಪೌರಕಾರ್ಮಿಕ ಹೆಂಗಸಿಗೆ ಮೊದಲೇ ಮಾತು. ಒಂಬತ್ತು ಮನೆ, 31 ಜನ. ಮಕ್ಕಳ ಟೀಮು ಅಂತ ಇರಲಿಲ್ಲ, ಮನೆಗೊಂದು ಟೀಮು. ಟೀಮಿನಲ್ಲಿ ಒಬ್ಬ ಅಜ್ಜಿಯೋ ತಾತನೋ ಇರಲೇಬೇಕು. ಮನೆಯಲ್ಲಿ ಇಲ್ಲದವರು ಪಕ್ಕದ ಮನೆಯಿಂದ ಸಾಲ ತಂದರು. ಹಾಳೆ ಅವರ ಕೈಯಲ್ಲಿ. ಗಡಿಯಾರ ಇಲ್ಲ, ಮೊದಲು ಕೊನೆ ಇಲ್ಲ. ಮುಗಿಸಿ ಬಂದವರಿಗೆಲ್ಲ ಒಂದೊಂದು ಏಲಕ್ಕಿ ಬಾಳೆಹಣ್ಣು. (ಕಡಲೆ ಮಿಠಾಯಿ ಕೊಡೋಣ ಅಂತಿದ್ದೆವು, ಜಾಗಕ್ಕೆ ತಕ್ಕ ಹಾಗೆ. ಮೊದಲೇ ಎಲ್ಲರನ್ನೂ ಕೇಳಿದ್ದರಿಂದ ಒಂದು ಮಗುವಿಗೆ ಕಡಲೆಬೀಜ ಆಗಿಬರುವುದಿಲ್ಲ ಅಂತ ಗೊತ್ತಾಯಿತು.) ಬೀದಿಯಿಂದ ಎಲ್ಲರೂ ಒಟ್ಟಿಗೆ ನಡೆದು ದೊಡ್ಡ ರಸ್ತೆಯನ್ನು ಒಂದೇ ಸಲ ದಾಟಿದೆವು. ಪಾರ್ಕು, ಬಂಡೆ, ದೊಡ್ಡ ಗಣಪತಿ, ದೊಡ್ಡ ಬಸವ ಎಲ್ಲ ಅಲ್ಲೇ ಒತ್ತೊತ್ತಿಗೆ ಇರುವುದರಿಂದ ವಾಪಸ್ ಹೊರಡುವವರೆಗೆ ಇನ್ನು ದಾಟುವ ಮಾತಿರಲಿಲ್ಲ.

ಮೊದಲ ಹದಿನೈದು ನಿಮಿಷ ನನಗೆ ಭಯವೇ ಆಯಿತು. ಮಕ್ಕಳು ಅಜ್ಜಿಯರನ್ನು ಎಳೆಯುತ್ತಿದ್ದರು. "ಅಜ್ಜೀ ಬೇಗ ಬಾ." "ಬಂದೆ ಇರೋ, ಮಂಡಿ ಕೇಳ್ಬೇಕಲ್ಲ." ಇದು ನಡೆಯಲ್ಲ ಅಂದುಕೊಂಡೆ. ಆಮೇಲೆ ಮೂರನೇ ಪ್ರಶ್ನೆ ಬಂತು. "ಬೆಳೆಯುತ್ತಲೇ ಇದ್ದವನು ನಿಂತದ್ದು ಹೇಗೆ? ಗುರುತು ನೋಡಿ ಬನ್ನಿ."

ಪಕ್ಕದ ಬೀದಿಯ ಅಜ್ಜಿಯೊಬ್ಬರು ಬಸವನ ಗುಡಿಯ ಮೆಟ್ಟಿಲ ಮೇಲೆ ಕೂತೇ ಬಿಟ್ಟರು. ಸುತ್ತ ಅವರ ಮೊಮ್ಮಕ್ಕಳಿಬ್ಬರು. ಅಜ್ಜಿ ಹಾಳೆಯನ್ನು ಬೀಸಣಿಗೆ ಮಾಡಿಕೊಂಡು ಶುರು ಮಾಡಿದರು. ಸುಂಕೇನಹಳ್ಳಿ ಅಂತ ಊರಿತ್ತು ಇಲ್ಲಿ. ಊರ ತುಂಬ ಕಡಲೆಕಾಯಿ ಹೊಲ. ಹುಣ್ಣಿಮೆ ಹುಣ್ಣಿಮೆಗೆ ಯಾವುದೋ ಬಸವ ಬಂದು ಮೇದು ಹೋಗೋದು. ಒಬ್ಬ ರೈತ ಕಾದು ಕೂತು ದೊಣ್ಣೆಯಿಂದ ಬಾರಿಸಿದ. ಅದು ಅಲ್ಲೇ ಕೂತು ಕಲ್ಲಾಯಿತು. ಕಲ್ಲಾದ ಮೇಲೂ ಬೆಳೀತಾನೇ ಇತ್ತಂತೆ... ಇಲ್ಲಿಗೆ ಬಂದು ಅಜ್ಜಿ ನಿಲ್ಲಿಸಿದರು. ಮುಂದೆ ಹೇಳಲಿಲ್ಲ. ಕಣ್ಣಿನಲ್ಲೇ ಗುಡಿಯ ಒಳಗೆ ತೋರಿಸಿದರು. ಮಕ್ಕಳು ಒಳಗೆ ಹೋಗಿ ಸುಮಾರು 15 ಅಡಿ ಎತ್ತರದ ಬಸವನ ಮುಂದೆ ಕತ್ತೆತ್ತಿ ನಿಂತರು. ಹಣೆಯ ಮೇಲೆ ತ್ರಿಶೂಲ. ಒಬ್ಬ ಪಿಸುಗುಟ್ಟಿದ, "ಅದನ್ನ ಚುಚ್ಚಿ ನಿಲ್ಸಿದ್ದಾರೆ." ಇನ್ನೊಬ್ಬಳು, "ತೆಗೆದ್ರೆ?" ಅವಳ ದನಿಯಲ್ಲಿ ನಿಜವಾದ ಹೆದರಿಕೆ ಇತ್ತು. ಇಬ್ಬರೂ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಹೊರಗೆ ಬಂದು ಅಜ್ಜಿಯ ಎರಡು ಕೈ ಹಿಡಿದುಕೊಂಡರು. ಹಿಡಿದುಕೊಳ್ಳಿ ಅಂತ ಯಾರೂ ಹೇಳಿರಲಿಲ್ಲ.

ಅಲ್ಲಿಂದ ಎಳೆದಾಟ ನಿಂತಿತು ಅನ್ನಲಾರೆ, ಕಡಿಮೆಯಾಯಿತು. ಕಹಳೆ ಬಂಡೆಯ ಹತ್ತಿರ ಒಂದು ಪ್ರಶ್ನೆ ಇತ್ತು, "ಇಲ್ಲಿರುವ ಎಲ್ಲದಕ್ಕಿಂತ ವಯಸ್ಸಾದವರು ಯಾರು?" ಮಕ್ಕಳು ತಾತನನ್ನು ತೋರಿಸಿದರು. ಕೆಂಪೇಗೌಡರ ಗೋಪುರ ಅಂದರು. ಕಾಲಕೆಳಗಿನ ಬಂಡೆಯೇ ಉತ್ತರ ಅಂತ ಗೊತ್ತಾಗಲು ಬಹಳ ಹೊತ್ತು ಹಿಡಿಯಿತು. ಸುಮಾರು 300 ಕೋಟಿ ವರ್ಷದ ಕಲ್ಲು, ಲಾಲ್‌ಬಾಗಿನ ಬಂಡೆಯೂ ಇದೇ ಜಾತಿ. ಬಂಡೆ ಹತ್ತುವ ಆಸೆ ಎಲ್ಲರಿಗೂ ಇತ್ತು. ಹತ್ತಬೇಡಿ ಅನ್ನಲಿಲ್ಲ. ಪಾಚಿ ಇಲ್ಲದ, ಇಳಿಜಾರು ಕಡಿಮೆ ಇರುವ ಒಂದು ಕಡೆಯಲ್ಲೇ ಪ್ರಶ್ನೆಯನ್ನು ಇಟ್ಟಿದ್ದೆವು. ಅಲ್ಲಿ ಬರಿಗಾಲಲ್ಲಿ ಹತ್ತಿ, ಅಂಗೈ ಊರಿ, ಕಲ್ಲು ತಣ್ಣಗಿದೆಯಾ ಬಿಸಿಯಾ ಅಂತ ಹಾಳೆಯಲ್ಲಿ ಬರೆಯಬೇಕಿತ್ತು. ಹತ್ತುವ ಆಸೆ ಅಲ್ಲೇ ತೀರಿತು.

ವೃಷಭಾವತಿಯ ಪ್ರಶ್ನೆ ಮಾತ್ರ ಕೈ ಮೀರಿತು. ಬಸವನ ಪಾದದ ಹತ್ತಿರ ಹುಟ್ಟುತ್ತದೆ ಅಂತ ಹೇಳುವ ನದಿ ಈಗ ಎಲ್ಲಿ ಸಿಗುತ್ತದೆ ಅಂತ ಕೇಳಿದ್ದೆ. ಒಬ್ಬ ತಾತ "ಮೈಸೂರು ರೋಡಲ್ಲಿ ಬಸ್ಸಿನ ಕಿಟಕಿ ಮುಚ್ತೀವಲ್ಲ, ಅಲ್ಲಿ" ಅಂದರು. ಒಂದು ಹುಡುಗಿ ಒಪ್ಪಲೇ ಇಲ್ಲ. ಅದು ಮೋರಿ, ನದಿ ಅಲ್ಲ ಅಂತ ವಾದ. ಅವರಿಬ್ಬರ ಜಗಳ ಅರ್ಧ ಗಂಟೆ ನಡೆದು, ಆ ಟೀಮು ಉಳಿದ ನಾಲ್ಕು ಪ್ರಶ್ನೆಗಳ ಕಡೆ ನೋಡಲೇ ಇಲ್ಲ. ಬಾಳೆಹಣ್ಣು ಕೊಟ್ಟೆವು.

ಎಲ್ಲ ಸಲೀಸಾಗಿ ಆಯಿತು ಅಂತಲ್ಲ. ವೀಲ್‌ಚೇರಿನಲ್ಲಿ ಬಂದಿದ್ದ ಒಬ್ಬ ಅಜ್ಜ ಬಂಡೆಯ ಹತ್ತಿರ ಹೋಗಲಾಗದೆ ಅರ್ಧ ಆಟ ನೋಡುತ್ತಾ ಕೂತರು. ಅವರೂ ಬರುತ್ತಾರೆ ಅಂತ ನನಗೆ ಮೊದಲೇ ಗೊತ್ತಿತ್ತು. ದಾರಿಯನ್ನು ಮೂರಡಿ ಎತ್ತರದಿಂದ ನೋಡಿದ್ದೆ, ಗಾಲಿಯ ಮೇಲಿಂದ ನೋಡಿರಲಿಲ್ಲ. ಫೋಟೋ ಬೇಡ ಅಂದಿದ್ದರೂ ಇಬ್ಬರು ಮಕ್ಕಳ ಮುಖ ಕಾಣುವ ಹಾಗೆ ಸ್ಟೇಟಸ್ ಹಾಕಿದರು, ಹೇಳಿದ ಮೇಲೆ ತೆಗೆದರು.

ಕೊನೆಯ ಪ್ರಶ್ನೆ ನಮ್ಮ ಬೀದಿಯಲ್ಲೇ. "ನಿಮ್ಮ ಯೂನಿಫಾರಂ ಯಾರಿಗೆ ಗೊತ್ತು? ಅವರ ಹೆಸರು ಕೇಳಿ ಬರೆಯಿರಿ." ಇಸ್ತ್ರಿ ಮಾಮ ಅವತ್ತು ಗಾಡಿಗೆ ಹೊಸ ಶೀಟು ಹೊದಿಸಿದ್ದ. ಕೆಂಡದ ಪೆಟ್ಟಿಗೆಯನ್ನು ಮಕ್ಕಳ ಕೈಗೆ ಸಿಗದ ಹಾಗೆ ಒಳಗಿನ ಮೂಲೆಗೆ ಸರಿಸಿಟ್ಟು, ತಲೆ ಬಾಚಿಕೊಂಡು, ಬೆಳಿಗ್ಗೆ ಎಂಟರಿಂದ ಕಾದಿದ್ದನಂತೆ. ಒಂಬತ್ತು ಟೀಮಿಗೂ ತನ್ನ ಹೆಸರನ್ನು ಒಂಬತ್ತು ಸಲ ಬಿಡಿಸಿ ಹೇಳಿದ. ಕಳೆದುಹೋಗಿದ್ದ ಹುಡುಗ ತನ್ನ ತಾತನ ಜೊತೆ ಕೊನೆಗೆ ಬಂದ. ಒಂದು ವರ್ಷದಲ್ಲಿ ಸ್ವಲ್ಪ ಉದ್ದವಾಗಿದ್ದ. ಇಸ್ತ್ರಿ ಮಾಮ ಅವನನ್ನು ನೋಡಿ, "ಏನಪ್ಪಾ, ಕೆಂಪು ಡಬ್ಬ ಸಿಕ್ತಾ?" ಅಂದ.

"ಎಲ್ಲಿ ಸಿಗತ್ತೆ? ಅವತ್ತು ನೀವು ಬಿಡ್ಲೇ ಇಲ್ವಲ್ಲ."

ತಾತ ನಕ್ಕರು. ಆ ಅಂಚೆ ಡಬ್ಬ ಈ ಸಲದ ಪಟ್ಟಿಯಲ್ಲಿ ಇರಲಿಲ್ಲ. ರಸ್ತೆಯ ಆ ಕಡೆ ಅದು. "ಬಾ, ತೋರಿಸ್ತೀನಿ" ಅಂತ ತಾತ ಕೈ ಚಾಚಿದರು, ನನ್ನ ಮುಖ ನೋಡಿದರು. ನಾನು ತಲೆ ಆಡಿಸಿದೆ. ಇಬ್ಬರೂ ಅಂಚಿನಲ್ಲಿ ನಿಂತು, ಎರಡು ಆಟೋ ಒಂದು ಬೈಕು ಹೋಗಲು ಬಿಟ್ಟು, ನಿಧಾನವಾಗಿ ದಾಟಿ ತಿರುವಿನಲ್ಲಿ ಮರೆಯಾದರು. ಅವರು ವಾಪಸ್ ಬರುವವರೆಗೆ ನಾನು ಗಡಿಯಾರ ನೋಡಲಿಲ್ಲ ಅಂದ್ರೆ ಸುಳ್ಳಾಗುತ್ತದೆ.